ಪರ್ಕಳ ಸರಿಯಾದ ಮೇಲೆ

ನನ್ನ ಅಂಗಡಿ ಪರ್ಕಳದಲ್ಲಿದೆ. ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಶನ್, ಮದುವೆ ಕಾಗದ. ಅದಕ್ಕೆ ಮೊದಲು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಹನ್ನೆರಡು ವರ್ಷ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೆ. ಕೀಲಿಗಳನ್ನು ನೋಡದೆ ಬೆರಳು ಓಡಿಸುವುದು ಬಿಟ್ಟರೆ ಕಂಪ್ಯೂಟರಿನ ಬಗ್ಗೆ ನನಗೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಗೊತ್ತಾದದ್ದು ಅಂಗಡಿಯ ಹಳೆಯ ಕಂಪ್ಯೂಟರ್ ಕೈಕೊಟ್ಟು ಹೊಸದನ್ನು ತಂದ ದಿನ.

ಆಗ ನನ್ನ ಕೈಯಲ್ಲಿದ್ದದ್ದು ಕಾರ್ಕಳದ ಒಬ್ಬ ನಿವೃತ್ತ ಹೆಡ್ಮಾಸ್ಟರರ ಪುಸ್ತಕ. ಕಾರ್ಕಳ ನನ್ನ ತವರು; ಅವರು ನನಗೆ ಏಳನೇ ತರಗತಿಯಲ್ಲಿ ಕನ್ನಡ ಕಲಿಸಿದವರು. ಊರಿನ ಕೆರೆಗಳು, ಬಸದಿಗಳು, ಈಗ ಯಾರೂ ನಡೆಯದ ಹಳೆಯ ದಾರಿಗಳು, ಇವುಗಳ ಬಗ್ಗೆ ಅವರು ಬರೆದದ್ದನ್ನು ಮುದ್ರಣಾಲಯದಲ್ಲಿದ್ದಾಗ ನಾನೇ ಟೈಪ್ ಮಾಡಿದ್ದೆ. ಎರಡನೇ ಸಲ ಅಚ್ಚು ಹಾಕಿಸಬೇಕೆಂದು ಅವರು ಹಳೆಯ ಕಡತವನ್ನು ಕೇಳಿಕೊಂಡು ಬಂದಿದ್ದರು. ಹೊಸ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷಿನ ಚಿಹ್ನೆಗಳ ರಾಶಿ. ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ಪರಿವರ್ತಕಕ್ಕೆ ಹಾಕಿದೆ. ಕನ್ನಡವೇನೋ ಬಂತು, ಆದರೆ ಅರ್ಕಾವತ್ತು ಇದ್ದಲ್ಲೆಲ್ಲ ಅಕ್ಷರ ಹಿಂದುಮುಂದಾಗಿತ್ತು. ಸೂರ್ಯ ಎಂಬುದು ಸೂಯರ್ ಆಗಿತ್ತು. ಪರ್ಕಳ ಪಕರ್ಳ ಆಗಿತ್ತು. ಪುಟಪುಟಕ್ಕೂ ಇದ್ದ ಕಾರ್ಕಳ ಕಾಕರ್ಳ ಆಗಿತ್ತು.

ಮಾಸ್ಟರರು ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ನೋಡಿದರು. "ಇದೆಂತ ಮಾರಾಯ್ತಿ, ನಾನು ಹುಟ್ಟಿದ್ದು ಕಾಕರ್ಳದಲ್ಲಾ?" ಎಂದರು. ನಗುತ್ತಲೇ ಕೇಳಿದ್ದು. ನನಗೆ ಮಾತ್ರ ಅಳು ಬಂದಿತ್ತು. ಮುನ್ನೂರಕ್ಕೂ ಹೆಚ್ಚು ಪುಟವನ್ನು ಕೈಯಲ್ಲಿ ತಿದ್ದಿ ಮುಗಿಯುವಂತಿರಲಿಲ್ಲ.

ಮುದ್ರಣಾಲಯದ ಹಳೆಯ ಗೆಳತಿಯೊಬ್ಬಳು ನನ್ನನ್ನು ಮೊಬೈಲಿನ ಒಂದು ಗುಂಪಿಗೆ ಸೇರಿಸಿದಳು. ಕಂಪ್ಯೂಟರಿನಲ್ಲಿ ಕನ್ನಡ ಬಳಸುವವರ ಗುಂಪು. ನೂರಾರು ಜನ. ಹೆಚ್ಚಿನವರು ದೊಡ್ಡ ದೊಡ್ಡ ವಿಷಯ ಮಾತಾಡುತ್ತಿದ್ದರು. ಎರಡು ದಿನ ಸುಮ್ಮನೆ ಓದಿ, ಮೂರನೆಯ ದಿನ ಧೈರ್ಯ ಮಾಡಿ ಬರೆದೆ: "ನನ್ನ ಪರ್ಕಳ ಪಕರ್ಳ ಆಗಿದೆ, ದಯವಿಟ್ಟು ಸಹಾಯ ಮಾಡಿ."

ಒಬ್ಬರು ನಗುವ ಮುಖ ಹಾಕಿದರು. ಇನ್ನೊಬ್ಬರು, ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಾಗಿದೆ, ಹುಡುಕಿ ನೋಡಿ ಎಂದರು. ಎಲ್ಲಿ ಹುಡುಕುವುದು, ಹೇಗೆ ಹುಡುಕುವುದು ನನಗೆ ತಿಳಿಯದು. ಪ್ರಶ್ನೆಯನ್ನು ಅಳಿಸಿ ಗುಂಪಿನಿಂದ ಹೊರಗೆ ಹೋಗಬೇಕೆಂದಿರುವಾಗ ಮತ್ತೊಂದು ಉತ್ತರ ಬಂತು.

"ನಮಸ್ಕಾರ ಮೇಡಂ. ಗಾಬರಿ ಮಾಡಬೇಡಿ, ನಿಮ್ಮ ಬರಹ ಎಲ್ಲಿಗೂ ಹೋಗಿಲ್ಲ. ಈಗ ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿದೆ, ಇದ್ದ ಹಾಗೆ ಬರೆಯಿರಿ. ತಪ್ಪಾದರೂ ಪರವಾಗಿಲ್ಲ."

ಆ ಮನುಷ್ಯನ ಹೆಸರಿನ ಪಕ್ಕದಲ್ಲಿ ಮಡಚಿಟ್ಟ ಕೊಡೆಯ ಚಿತ್ರವಿತ್ತು. ಮುಂದೆ ಮೂರು ವಾರ ನಾನು ಆ ಕೊಡೆಯ ಚಿತ್ರವನ್ನೇ ಕಾಯುತ್ತಾ ಕುಳಿತೆ. ಒಂದು ಹೆಜ್ಜೆ ಹೇಳುತ್ತಿದ್ದರು, ನಾನು ಮಾಡಿ ಏನಾಯಿತೆಂದು ಬರೆಯುತ್ತಿದ್ದೆ, ಅರ್ಧ ಗಂಟೆ ಬಿಟ್ಟು ಮುಂದಿನ ಹೆಜ್ಜೆ ಬರುತ್ತಿತ್ತು. ಅವರು ಒಂದು ಸಣ್ಣ ಪ್ರೋಗ್ರಾಮ್ ಕಳುಹಿಸಿದರು. ಹಳೆಯ ಅಕ್ಷರಗಳನ್ನು ಹೊಸದಕ್ಕೆ ಬದಲಿಸಿ, ಆಮೇಲೆ ಅರ್ಕಾವತ್ತನ್ನು ಅದರ ಜಾಗಕ್ಕೆ ಎತ್ತಿಡುವಂಥದ್ದು. ಅದನ್ನು ಓಡಿಸಲು ಒಂದು ಕಪ್ಪು ಕಿಟಕಿ ತೆರೆಯಬೇಕು. ಆ ಕಿಟಕಿ ಕಂಡರೇ ನನಗೆ ಕಂಪ್ಯೂಟರ್ ಹಾಳಾಯಿತೆಂಬ ಭಯ.

"ಸರ್, ನೀವೇ ಮಾಡಿ ಕಳುಹಿಸಿದರೆ ಆಗುವುದಿಲ್ಲವಾ?" ಎಂದು ಒಮ್ಮೆ ಬೇಡಿಕೊಂಡೆ.

"ಮಾಡಿಕೊಡಬಹುದು. ಆದರೆ ಮುಂದಿನ ಸಲ ನೀವು ಮತ್ತೆ ನನಗೆ ಕಾಯಬೇಕಾಗುತ್ತದೆ. ಆ ದಿನ ನಾನು ಇಲ್ಲದಿದ್ದರೆ? ನೀವೇ ಮಾಡಿ, ನಾನು ಜೊತೆಗೆ ಇದ್ದೇನೆ."

ಒಂದು ಚುಕ್ಕೆ ಬಿಟ್ಟದ್ದಕ್ಕೆ ಎರಡು ದಿನ ಹೋಯಿತು. ಒಂದೇ ಪ್ರಶ್ನೆಯನ್ನು ನಾನು ನಾಲ್ಕು ಸಲ ಕೇಳಿದ್ದುಂಟು. ನಾಲ್ಕನೆಯ ಸಲವೂ ಅವರು ಮೊದಲನೆಯ ಸಲ ಕೇಳಿದಂತೆಯೇ ಉತ್ತರಿಸಿದರು, ಮಾತು ಮಾತ್ರ ಇನ್ನಷ್ಟು ಸುಲಭ ಮಾಡಿ. ಕೊನೆಗೆ ಒಂದು ಮಧ್ಯಾಹ್ನ ಕಪ್ಪು ಕಿಟಕಿಯಲ್ಲಿ ಸಾಲುಗಳು ಸರಸರನೆ ಓಡಿ ನಿಂತವು. ಹೊಸ ಕಡತ ತೆರೆದೆ. ಮೊದಲ ಪುಟದಲ್ಲೇ ಕಾರ್ಕಳ ಕಾರ್ಕಳವಾಗಿಯೇ ಇತ್ತು. ಅಂಗಡಿಯಲ್ಲಿ ಜೆರಾಕ್ಸಿಗೆ ಕಾಯುತ್ತಿದ್ದ ಇಬ್ಬರ ಎದುರೇ ನಾನು ಚಪ್ಪಾಳೆ ತಟ್ಟಿದೆ. "ಆಯ್ತು ಸರ್" ಎಂದು ಬರೆದದ್ದಕ್ಕೆ ಅವರು, "ಆಯ್ತಲ್ಲ, ನೀವು ಮಾಡಿದ್ದು. ಒಂದು ಪ್ರತಿ ಬೇರೆ ಕಡೆ ಇಡಿ" ಎಂದಷ್ಟೇ ಬರೆದರು.

ಆ ದಿನಗಳಲ್ಲಿ ನನಗೆ ಅವರ ಬಗ್ಗೆ ಇದ್ದ ಗೌರವ ಸುಳ್ಳಲ್ಲ. ಆ ಗೌರವ ಎಷ್ಟು ಬೇಗ ಕರಗಿತು ಎನ್ನುವುದನ್ನೇ ನಾನು ಈಗ ಹೇಳಬೇಕಾಗಿರುವುದು.

ಅರ್ಕಾವತ್ತು ಸರಿಪಡಿಸಲು ಬಂದಮೇಲೆ ನನಗೆ ಹುಚ್ಚು ಹಿಡಿಯಿತು. ಹಳೆಯ ಕಡತ ಯಾರದೇ ಇರಲಿ, ತನ್ನಿ ಎಂದೆ. ಸಂಘಗಳ ಸ್ಮರಣ ಸಂಚಿಕೆಗಳು, ಯಾರದೋ ಪ್ರಬಂಧ, ಯಾರದೋ ಆತ್ಮಕಥೆ ಎಲ್ಲ ಬಂದವು. ಗುಂಪಿನಲ್ಲಿಯೂ ನಾನು ಉತ್ತರ ಕೊಡತೊಡಗಿದೆ. ನನ್ನ ಉತ್ತರ ಚುರುಕು, ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಜನ ಮೆಚ್ಚಿದರು. ಅಲ್ಲಿ ನನ್ನ ಹೆಸರಿನ ಜಾಗದಲ್ಲಿ ಒಂದು ಅಡ್ಡಹೆಸರು, ಚಿತ್ರದಲ್ಲಿ ಒಂದು ದಾಸವಾಳ. ಒಂದೂವರೆ ವರ್ಷದಲ್ಲಿ ಆ ದಾಸವಾಳ ಗುಂಪಿನ ಮೇಲ್ವಿಚಾರಕರ ಸಾಲಿಗೆ ಸೇರಿತು.

ಉಡುಪಿಯಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ನನ್ನನ್ನು ಕರೆದರು. ನನ್ನ ಜೀವನದಲ್ಲಿ ಮೈಕು ಹಿಡಿದದ್ದು ಅದೇ ಮೊದಲು. ಹಿಂದಿನ ದಿನ ಆ ಪ್ರೋಗ್ರಾಮಿನ ಕಡತವನ್ನು ತೆರೆದು ನೋಡುತ್ತಿದ್ದೆ. ಅದರ ತಲೆಯಲ್ಲಿ ಎರಡು ಸಾಲುಗಳಿದ್ದವು. ಅಕ್ಷರಗಳ ಪಟ್ಟಿ ಮಾಡಿದವರು ಇಂಥವರು ಎಂದು ನಾನು ಕೇಳಿರದ ಒಂದು ಹೆಸರು. ಅದರ ಕೆಳಗೆ, ಅರ್ಕಾವತ್ತಿನ ಭಾಗ ಸೇರಿಸಿದವರು ಎಂದು ಕೊಡೆಯ ಚಿತ್ರದವರ ಹೆಸರು. ಪರದೆಯ ಮೇಲೆ ಚೊಕ್ಕವಾಗಿ ಕಾಣಲಿ ಎಂದು ನಾನು ಆ ಎರಡು ಸಾಲುಗಳನ್ನು ಅಳಿಸಿದೆ. ಚೊಕ್ಕವಾಗಲಿ ಎಂದೇ ಅಳಿಸಿದ್ದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮರುದಿನ ಒಬ್ಬರು ಎದ್ದುನಿಂತು, "ಇದನ್ನು ಮಾಡಿದ್ದು ಯಾರು ಮೇಡಂ?" ಎಂದು ಕೇಳಿದಾಗ, "ನಾವೇ ಮಾಡಿಕೊಂಡದ್ದು" ಎಂದೆ. ನಾವು ಎಂದರೆ ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಂದವರೆಲ್ಲ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರು. ಗುಂಪಿನಲ್ಲಿ ನನ್ನ ಫೋಟೋ ಹಾಕಿದಾಗ ಎಲ್ಲರಿಗಿಂತ ಮೊದಲು ಅಭಿನಂದನೆ ಹೇಳಿದ್ದು ಕೊಡೆಯ ಚಿತ್ರದವರು.

ಅವರು ಮಾತ್ರ ಇದ್ದಲ್ಲೇ ಇದ್ದರು. ಹೊಸಬರು ಬರುತ್ತಿದ್ದರು, ಅದೇ ಹಳೆಯ ಪ್ರಶ್ನೆ ಕೇಳುತ್ತಿದ್ದರು, ಅವರು ಅದೇ ಸಾವಧಾನದಲ್ಲಿ ಶುರು ಮಾಡುತ್ತಿದ್ದರು: ಗಾಬರಿ ಮಾಡಬೇಡಿ, ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿದೆ. ನನಗೆ ಅದನ್ನು ಓದಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹನ್ನೊಂದು ಗಂಟೆಗೆ ಮೊದಲು ಅವರ ಉತ್ತರ ಬರುತ್ತಿರಲಿಲ್ಲ. "ಸರ್‌ಗೆ ಬೆಳಗಾಗುವುದೇ ಹನ್ನೊಂದಕ್ಕೆ" ಎಂದು ಒಮ್ಮೆ ಎಲ್ಲರ ಎದುರು ತಮಾಷೆ ಮಾಡಿದೆ. ಅವರು ನಗುವ ಮುಖವೊಂದನ್ನು ಹಾಕಿದರು.

ಆಮೇಲೆ ಬಂದದ್ದು ರೊಟ್ಟಿಯ ಪ್ರಶ್ನೆ.

"ನಮಸ್‌ಕಾರ. ರೊಟ್‌ಟಿ ಅಂತ ಬರಿಯಾಕ ಆಗವಲ್‌ದು. ಚಟ್‌ನಿನೂ ಆಗವಲ್‌ದು. ಏನ್ ಮಾಡ್‌ಬೇಕ್‌ರಿ?" ಬರೆದವರು ಒಬ್ಬ ಹೆಂಗಸು, ಘಟ್ಟದ ಮೇಲಿನ ಉತ್ತರದ ಕಡೆಯವರೆಂದು ಭಾಷೆಯೇ ಹೇಳುತ್ತಿತ್ತು. ಕೊಡೆಯ ಚಿತ್ರದವರು ಎಂದಿನಂತೆ ವಿಚಾರಿಸಲು ತೊಡಗಿದರು. ಒಂದು ವಾರವಾದರೂ ಅದು ಬಗೆಹರಿಯಲಿಲ್ಲ. ದಿನಾ ಬೆಳಿಗ್ಗೆ ರೊಟ್‌ಟಿ, ದಿನಾ ಮಧ್ಯಾಹ್ನ ಇವರ ತಾಳ್ಮೆಯ ಉತ್ತರ. ಎಂಟನೆಯ ದಿನ, ಅಂಗಡಿಯಲ್ಲಿ ಪ್ರಿಂಟರ್ ಕೆಟ್ಟು, ಮದುವೆ ಕಾಗದದವರು ಬಂದು ಕೂಗಾಡಿ ಹೋದ ಸಿಟ್ಟಿನಲ್ಲಿ ನಾನು ಫೋನ್ ತೆಗೆದು ಬರೆದೆ: "ಮೊದಲು ಒತ್ತಕ್ಷರ ಬರೆಯಲು ಕಲಿತು ಬನ್ನಿ. ಇದು ಕಂಪ್ಯೂಟರ್ ಗುಂಪು, ಒಂದನೇ ತರಗತಿ ಅಲ್ಲ."

ಹದಿನೈದು ಜನ ನಗುವ ಮುಖ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಆ ಹೆಂಗಸು ಗುಂಪು ತೊರೆದ ಸೂಚನೆ ಬಂತು.

ಕೊಡೆಯ ಚಿತ್ರದವರು ಬರೆದರು: "ಅವರ ಕನ್ನಡ ಸರಿ ಉಂಟು ಅಂತ ನನಗೆ ಕಾಣುತ್ತದೆ. ಅವರ ಯಂತ್ರದಲ್ಲಿ ಏನೋ ದೋಷ ಉಂಟು. ನಾವು ಹಾಗೆ ಹೇಳಬಾರದಿತ್ತು."

ನೀವು ಎನ್ನದೆ ನಾವು ಎಂದಿದ್ದರು. ಅಷ್ಟಕ್ಕೇ ನನಗೆ ರೇಗಿತು. "ಸರ್, ನೀವು ಹೀಗೆ ತುತ್ತು ಮಾಡಿ ಬಾಯಿಗಿಡುತ್ತಾ ಕೂತರೆ ಯಾರೂ ಕಲಿಯುವುದಿಲ್ಲ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟು ಈ ಗುಂಪನ್ನು ಕೆಡಿಸಿದ್ದೇ ನೀವು" ಎಂದು ಬರೆದೆ. ಬರೆದು, ಮೇಲ್ವಿಚಾರಕಿಯ ಅಧಿಕಾರದಲ್ಲಿ ಒಂದು ನಿಯಮವನ್ನೂ ಹಾಕಿದೆ: ಹಿಂದೆ ಉತ್ತರಿಸಿದ ಪ್ರಶ್ನೆಗಳನ್ನು ಮತ್ತೆ ಕೇಳಿದರೆ ಅಳಿಸಲಾಗುವುದು.

ಅವರಿಂದ ಒಂದೇ ಶಬ್ದ ಬಂತು. "ಸರಿ."

ಗುಂಪಿನಲ್ಲಿ ಅದೇ ಅವರ ಕೊನೆಯ ಮಾತು. ಕೊಡೆಯ ಚಿತ್ರ ಗುಂಪಿನ ಪಟ್ಟಿಯಲ್ಲಿ ಇತ್ತು, ಮಾತಿರಲಿಲ್ಲ. ಮೊದಲ ವಾರ ನನಗೆ ಗೆದ್ದಂತೆ ಅನಿಸಿತು. ಆಮೇಲೆ ಗುಂಪು ನಿಶ್ಶಬ್ದವಾಗತೊಡಗಿತು. ಹೊಸಬರು ಬಂದು, ನಿಯಮ ಓದಿ, ಹೊರಗೆ ಹೋಗುತ್ತಿದ್ದರು. ಉಳಿದವರು ತಮಗೆ ಗೊತ್ತಿದ್ದದ್ದನ್ನು ಗೊತ್ತಿದ್ದವರಿಗೇ ಹೇಳಿಕೊಳ್ಳುತ್ತಿದ್ದರು.

ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅಂಗಡಿಗೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಹಸಿರು ಬಳೆ, ಮೊಣಕೈಯವರೆಗೆ ಅಂಟಿದ ಜೋಳದ ಹಿಟ್ಟು, ಬಟ್ಟೆಯ ಚೀಲದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್.

"ಅಕ್ಕಾರ, ಕಂಪ್ಯೂಟರ್ ಕಲಿಸೂ ಮೇಡಂ ಅಂದ್ರ ನೀವ ಏನ್ರಿ?"

"ಕಲಿಸುವವಳೇನಲ್ಲ. ಎಂತ ಆಗ್ಬೇಕಿತ್ತು?"

"ಇಲ್ಲೇ ಹಿಂದಿನ ಓಣ್ಯಾಗ ನಾವು ಮೂರ್ ಮಂದಿ ಹೆಣ್ಮಕ್ಳು ಕೂಡಿ ರೊಟ್ಟಿ ಖಾನಾವಳಿ ಮಾಡೀವ್ರಿ. ಮೊದ್ಲ ಮಣಿಪಾಲದಾಗ ಹಾಸ್ಟೆಲ್ ಕಸ ಹೊಡೀತಿದ್ದೆ. ಊರಿಗೆ ಹೋಗೂ ಮುಂದ ಒಂದು ಹುಡುಗಿ ಇದನ್ನ ಕೊಟ್ಟು ಹೋಗ್ಯಾಳ್ರಿ. ಚಟ್ನಿ ಪಾಕೀಟಿನ ಮ್ಯಾಲ ಹೆಸರು ಹಚ್ಚಬೇಕು. ಬರದ್ರ ಹಿಂಗ ಬರ್ತದ ನೋಡ್ರಿ."

ಲ್ಯಾಪ್‌ಟಾಪ್ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಶೇಂಗಾ ಚಟ್‌ನಿ. ಗುರೆಳ್‌ಳು ಚಟ್‌ನಿ. ಜೋಳದ ರೊಟ್‌ಟಿ.

ಅವರಿಗೆ ಕುರ್ಚಿ ಕೊಡುವುದನ್ನೂ ಮರೆತು ಪರದೆಯನ್ನೇ ನೋಡುತ್ತಾ ನಿಂತೆ. ಕೊನೆಗೆ, "ನನ್ನ ಅಂಗಡಿ ಯಾರು ಹೇಳಿದ್ದು?" ಎಂದು ಕೇಳಿದೆ.

"ಫೋನಿನಾಗ ಒಂದ್ ಗ್ರೂಪ್ ಇತ್ರಿ. ಅದನ್ನ ಇದ ಲ್ಯಾಪ್‌ಟಾಪಿನಾಗ ತಗದು ಬರೀತಿದ್ದೆ. ಅಲ್ಲೊಬ್ರು ಸರ್ ಅದಾರ. ಭಾಳ ದಿನ ಹೇಳಿಕೊಟ್ರು. ನಡುವ ಯಾರೋ ಬೈದ್ರು, ನಾನು ಬಿಟ್ ಬಂದೆ. ಆ ಸರ್ ತಾವ ಮೆಸೇಜ್ ಮಾಡಿ ಮತ್ತ ಹೇಳಿಕೊಟ್ರು. ಆದ್ರೂ ಬಗೀಹರೀಲಿಲ್ಲ. ನೀವು ಎಲ್ಲಿರ್ತೀರಿ ಅಂತ ಕೇಳಿದ್ರು. ಪರ್ಕಳ ಅಂದೆ. ಹಂಗಾದ್ರ ಪರ್ಕಳದಾಗ ಒಬ್ರು ಮೇಡಂ ಅದಾರ, ಅವರಿಗೆ ನನಗಿಂತ ಛಲೋ ಗೊತ್ತೈತಿ, ಅವರ ಕಡೆ ಹೋಗ್ರಿ ಅಂದ್ರು."

ಅವರು ಫೋನನ್ನೂ ತೋರಿಸಿದರು. ಅದರಲ್ಲಿ ಅದೇ ಕೊಡೆಯ ಚಿತ್ರ, ಅದೇ ಸಾಲುಗಳು. ಗಾಬರಿ ಮಾಡಬೇಡಿ. ತಪ್ಪಾದರೂ ಪರವಾಗಿಲ್ಲ. ಬೈದವಳು ಯಾರೆಂದು ಸರ್ ಎಲ್ಲಿಯೂ ಬರೆದಿರಲಿಲ್ಲ.

ದೋಷ ಹುಡುಕಲು ನನಗೆ ಇಪ್ಪತ್ತು ನಿಮಿಷ ಸಾಕಾಯಿತು. ಆ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಕೀಲಿಮಣೆ ತಂತ್ರಾಂಶ ಪ್ರತಿ ಒತ್ತಕ್ಷರದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ತುರುಕುತ್ತಿತ್ತು. ಅದನ್ನು ತೆಗೆದು ಬೇರೆ ಹಾಕಿದೆ. ಒತ್ತಕ್ಷರ ಬಾರದವಳು ಎಂದು ನಾನು ಹಂಗಿಸಿದ ಹೆಂಗಸು ಒಂದೊಂದೇ ಕೀಲಿ ಹುಡುಕಿ, ರೊಟ್ಟಿ ಎಂದು ಬರೆದರು. ತಪ್ಪಿಲ್ಲದೆ, ಒಂದೇ ಸಲಕ್ಕೆ.

"ಬಂತ ನೋಡ್ರಿ ಅಕ್ಕಾರ!" ಎಂದು ನನ್ನ ಕೈ ಹಿಡಿದುಕೊಂಡರು.

ಹೇಳಬೇಕಾದ ಹೊತ್ತು ಅದು. ನಾನು ಹೇಳಲಿಲ್ಲ. ಆಮೇಲೆ ಅವರು ವಾರಕ್ಕೆ ಎರಡು ಸಲ ಬರತೊಡಗಿದರು. ಕಡತ ಉಳಿಸುವುದು, ಹೆಸರನ್ನು ದೊಡ್ಡದು ಮಾಡುವುದು, ಪ್ರಿಂಟಿಗೆ ಕಳುಹಿಸುವುದು ಎಲ್ಲ ಕಲಿತರು. ಬಂದಾಗಲೆಲ್ಲ ಕಾಗದದಲ್ಲಿ ಸುತ್ತಿದ ನಾಲ್ಕು ರೊಟ್ಟಿ, ಮೇಲೆ ಒಂದಿಷ್ಟು ಚಟ್ನಿ. ಅವರು ಹೋಗುವವರೆಗೆ ನಾನು ಅದನ್ನು ಬಿಚ್ಚುತ್ತಿರಲಿಲ್ಲ. ಒಂದು ಸಲ ಅವರೇ ಹೇಳಿದರು: "ನಿಮ್ಮಂಥಾವ್ರು ಆ ಗ್ರೂಪಿನಾಗ ಇರಬೇಕಿತ್ ನೋಡ್ರಿ ಅಕ್ಕಾರ. ಅಲ್ಲಿ ಒಬ್ಬಾಕಿ ಇದ್ಲು, ಹೂವಿನ ಚಿತ್ರ ಇಟ್ಕೊಂಡು. ಎಂಥಾ ಮಾತು ಆಡಿದ್ಲು ಅಂತೀರಿ." ನಾನು ಪ್ರಿಂಟರಿನ ಮುಚ್ಚಳ ತೆಗೆದು ಒಳಗೆ ಏನೋ ನೋಡುವವಳಂತೆ ಬಗ್ಗಿದೆ.

ಆ ವಾರವೇ ಕೊಡೆಯ ಚಿತ್ರದವರಿಗೆ ಖಾಸಗಿಯಾಗಿ ಬರೆದೆ. ನಿಮ್ಮನ್ನು ಒಮ್ಮೆ ಕಾಣಬೇಕು ಎಂದು. ಮರುದಿನ ಹನ್ನೊಂದೂವರೆಗೆ ಉತ್ತರ ಬಂತು. ಮನೆ ಇನ್ನಂಜೆಯಲ್ಲಿ, ಬನ್ನಿ, ಆದರೆ ಬೆಳಗಿನ ಹೊತ್ತು ಬಂದರೆ ನಮ್ಮ ಕೆಲಸದ ನಡುವೆಯೇ ಮಾತಾಡಬೇಕಾದೀತು ಎಂದಿದ್ದರು. ಇಷ್ಟು ವರ್ಷ ಅವರು ಎಲ್ಲೋ ದೂರದ ಊರಿನವರೆಂದು ನಾನು ತಿಳಿದಿದ್ದೆ. ಕಾಪು ಕಡೆಯವರು, ನನ್ನಿಂದ ಒಂದು ಗಂಟೆಯ ದಾರಿ. ಎಲ್ಲಿಯವರು ಎಂದು ಒಮ್ಮೆಯೂ ನಾನು ಕೇಳಿರಲಿಲ್ಲ. ನನ್ನ ಊರನ್ನು ಮಾತ್ರ ಅವರು ನೆನಪಿಟ್ಟುಕೊಂಡಿದ್ದರು.

ಉಡುಪಿಗೆ ಹೋಗಿ, ಕಟಪಾಡಿಯಲ್ಲಿ ಇಳಿದು, ಶಿರ್ವದ ಬಸ್ಸು ಹಿಡಿದೆ. ಗದ್ದೆಯ ಬದಿಯ ಹೆಂಚಿನ ಮನೆ. ಅಂಗಳದ ಆಚೆ ಮಲ್ಲಿಗೆಯ ಸಾಲು. ಜಗಲಿಯಲ್ಲಿ ಅರುವತ್ತು ದಾಟಿದ ಗಂಡ ಹೆಂಡತಿ ಕುಳಿತು ಬಾಳೆ ನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಹೂವು ಒಯ್ಯುವವರು ಬರುವುದರೊಳಗೆ ಕಟ್ಟಿ ಮುಗಿಯಬೇಕಿತ್ತು. ಐದು ಗಂಟೆಗೆ ಎದ್ದು ಕೊಯ್ಯಲು ಇಳಿಯುತ್ತಾರೆಂದೂ, ಹನ್ನೊಂದರವರೆಗೆ ಬೇರೆ ಯಾವುದಕ್ಕೂ ಕೈ ಬಿಡುವಿರುವುದಿಲ್ಲವೆಂದೂ ಅವರ ಹೆಂಡತಿ ನನಗೆ ತುಳುವಿನಲ್ಲಿ ಹೇಳಿದರು. ನಾನು ಮಾಡಿದ ತಮಾಷೆ ನೆನಪಾಗಿ ತಲೆ ತಗ್ಗಿಸಿ ಕುಳಿತೆ.

ನಮ್ಮಿಬ್ಬರ ಮನೆಮಾತೂ ತುಳುವೇ. ಆದರೆ ಇಷ್ಟು ಕಾಲ ಕನ್ನಡದಲ್ಲೇ ಬರೆದುಕೊಂಡದ್ದರಿಂದಲೋ ಏನೋ, ಅವರು ನನ್ನೊಡನೆ ಕನ್ನಡವನ್ನೇ ಆಡಿದರು.

"ಆಸರಿಗೆ ಎಂತ ಮಾಡ್ಲಿ? ಚಾ ಆಗ್ಬಹುದಾ?"

"ಬೇಡ ಸರ್. ನಾನು ಕ್ಷಮೆ ಕೇಳ್ಲಿಕ್ಕೆ ಬಂದದ್ದು."

ಅವರ ಬೆರಳು ನಿಲ್ಲಲಿಲ್ಲ. "ಅದಕ್ಕೆ ಇಷ್ಟು ದೂರ ಬರ್ಬೇಕಾ ಮಾರಾಯ್ರೆ? ಆಗಿಹೋಯ್ತಲ್ಲ."

"ನಿಮಗೆ ಬೇಸರ ಆಗಿರ್ಬೇಕು."

ಅವರು ಇನ್ನೊಂದು ಮೊಗ್ಗು ಎತ್ತಿಕೊಂಡರು. "ಆಗ್ಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆಯ್ತು. ನೀವು ಹೇಳಿದ್ದಲ್ಲಿ ಸತ್ಯ ಉಂಟಾ ಅಂತ ತುಂಬ ಯೋಚಿಸಿದೆ."

"ಒಂದು ವಾರ ಆ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆದವರಲ್ಲ ಇವರು" ಎಂದು ಹೆಂಡತಿ ತುಳುವಿನಲ್ಲಿ ಸೇರಿಸಿದರು. ಅವರ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ನನ್ನ ಮೇಲೆ ಅವರಿಗಿದ್ದ ಸಿಟ್ಟೂ ಮುಖದಲ್ಲೇ ಇತ್ತು.

ಹೂವು ಹೋದ ಮೇಲೆ ಅವರು ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದರು. ಗಲ್ಫಿನ ಒಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದಾಗ ಕಂಪ್ಯೂಟರ್ ಕಲಿತವರಂತೆ. ಮೇಜಿನ ಮೇಲೆ ಮೂರು ಕಂಪ್ಯೂಟರುಗಳಿದ್ದವು. ಒಂದು ಹೊಸದು, ಎರಡು ಬಹಳ ಹಳೆಯವು.

"ಈ ಹಳೆಯದೆಲ್ಲ ಯಾಕೆ ಸರ್?"

"ಕೇಳುವವರಲ್ಲಿ ತುಂಬ ಜನರದ್ದು ಹೀಗೆ ಹಳೆಯದೇ ಅಲ್ವಾ, ಅದಕ್ಕೆ. ನೀವು ಪರದೆಯಲ್ಲಿ ಇಂಥದ್ದು ಕಾಣ್ತದೆ ಅಂತ ಬರೆದ್ರೆ ನನಗೂ ಕಾಣ್ಬೇಕಲ್ಲ. ಮೊದಲು ಇದರಲ್ಲಿ ನಾನು ಮಾಡಿ ನೋಡುವುದು, ಆಮೇಲೆ ನಿಮಗೆ ಹೇಳುವುದು. ಇಲ್ಲದಿದ್ರೆ ತಪ್ಪು ಹೇಳಿ ನಿಮ್ಮ ಫೈಲು ಹಾಳಾದ್ರೆ?"

ಒಂದೊಂದು ಹೆಜ್ಜೆಯ ನಡುವಿನ ಅರ್ಧ ಗಂಟೆ ಅದಾಗಿತ್ತು. ನಿಧಾನದ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ.

ನಾನು ಉಡುಪಿಯ ಕಾರ್ಯಾಗಾರದ ಸಂಗತಿಯನ್ನೂ ಹೇಳಿದೆ. ಎರಡು ಸಾಲು ಅಳಿಸಿದ್ದನ್ನು ಹೇಳುವಾಗ ಅವರ ಮುಖ ಮೊದಲ ಬಾರಿ ಬಾಡಿತು. "ನನ್ನ ಹೆಸರು ಹೋದ್ರೆ ಹೋಗ್ಲಿ. ಆ ಪಟ್ಟಿ ಮಾಡಿದವರು ಇದ್ದಾರಲ್ಲ, ಅವರು ತೀರಿಹೋಗಿ ಸುಮಾರು ವರ್ಷ ಆಯ್ತು. ಒಂದೊಂದು ಅಕ್ಷರ ಕೂತು ಬರೆದದ್ದು ಅವರು. ಅವರ ಹೆಸರು ಇದ್ದದ್ದು ಅಲ್ಲಿ ಮಾತ್ರ" ಎಂದರು.

ಆ ಎರಡು ಸಾಲುಗಳನ್ನು ಮತ್ತೆ ಸೇರಿಸುತ್ತೇನೆ ಎಂದೆ. ಆಮೇಲೆ ನನ್ನ ತಲೆ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ಆ ರೊಟ್ಟಿಯವರನ್ನು ನನ್ನಲ್ಲಿಗೆ ಯಾಕೆ ಕಳಿಸಿದ್ರಿ? ಬೈದವಳು ನಾನೇ ಅಂತ ಗೊತ್ತಿತ್ತಲ್ಲ."

"ಅವರ ಕೀಲಿಮಣೆ ನನ್ನಲ್ಲಿ ಇರ್ಲಿಲ್ಲ. ಯಾರಾದ್ರೂ ಎದುರು ಕೂತು ನೋಡ್ಬೇಕಿತ್ತು. ನಿಮಗೆ ಕೆಲಸ ಗೊತ್ತುಂಟು, ನೀವು ಹತ್ತಿರ ಇದ್ರಿ." ಆಮೇಲೆ, "ಧೈರ್ಯದಲ್ಲಿ ಕಳಿಸಿದ್ದು ಅಲ್ಲ. ನೀವು ಪುನಃ ಬೈದ್ರೆ ಎಂತ ಮಾಡುವುದು ಅಂತ ಎರಡು ದಿನ ಹೆದರಿದ್ದೆ" ಎಂದರು.

ಅವರು ನನ್ನನ್ನು ನೋಯಿಸಲು ಹೇಳಿದ ಮಾತಲ್ಲ. ಅವರು ಹೆದರಿದ್ದು ನನಗೆ.

ಬಸ್ಸಿನವರೆಗೆ ಬಂದು ಬಿಡುವಾಗ ಕೇಳಿದರು. "ಆ ರೊಟ್ಟಿಯವರಿಗೆ ಹೇಳಿದ್ರಾ?"

"ಇಲ್ಲ."

"ನನಗೆ ಹೇಳಿದ್ದಕ್ಕಿಂತ ಅವರಿಗೆ ಹೇಳ್ಬೇಕಿತ್ತು, ಅಲ್ವಾ?"

"ನೀವು ಗುಂಪಿಗೆ ವಾಪಸ್ ಬನ್ನಿ ಸರ್. ಆ ನಿಯಮ ನಾನು ತೆಗೀತೇನೆ."

"ತೆಗೀರಿ. ಒಳ್ಳೆದು. ಆದ್ರೆ ನಾನು ಅಲ್ಲಿ ಎಂತ ಮಾಡುವುದು? ಹೊಸಬರು ಯಾರೂ ಇಲ್ಲವಲ್ಲ ಈಗ."

ಮರುದಿನ ಊಟದ ಗಲಾಟೆ ಮುಗಿದ ಹೊತ್ತಿಗೆ ಖಾನಾವಳಿಗೆ ಹೋದೆ. ಅವರು ಒಲೆಯ ಎದುರು ಕುಳಿತು ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬರ್ರಿ ಅಕ್ಕಾರ, ಕುಂದರ್ರಿ."

ನಾನು ನಿಂತೇ ಹೇಳಿದೆ. ಹೂವಿನ ಚಿತ್ರ ನನ್ನದು, ಆ ಮಾತು ಬರೆದವಳು ನಾನು ಎಂದು.

ಬಡಿಯುವ ಸದ್ದು ನಿಂತಿತು. "ನೀವಾ?"

"ಹೌದು. ಆವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು."

ಅವರು ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದರು. ಅದು ಬೆಂದ ಮೇಲೆ ತೆಗೆದಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಆವತ್ತ ನನ್ನ ಗಂಡ ಬಾಜೂಕ ಕುಂತಿದ್ದ್ರಿ. ಓದಿ ನಕ್ಕ. ನಿನಗ್ಯಾಕ ಬೇಕು ಇದೆಲ್ಲಾ ಅಂದ. ನಾನು ಏಳ್ನೇತ್ತಾ ತನಕ ಸಾಲಿ ಕಲ್ತೀನ್ರಿ. ನಮ್ಮ ಸಾಲ್ಯಾಗ ಶುದ್ಧಬರಹದಾಗ ನಂದ ಮೊದಲ ನಂಬರ್ ಇತ್ತು. ಅದನ್ನ ಯಾರಿಗೆ ಹೇಳ್ಲಿ?"

ನಾನು ಮತ್ತೆ ತಪ್ಪಾಯಿತು ಎಂದೆ. ಎರಡನೆಯ ಸಲ ಹೇಳುವಾಗ ಆ ಶಬ್ದ ಇನ್ನೂ ಸಣ್ಣದಾಗಿ ಕೇಳಿಸಿತು.

"ಇರ್ಲಿ ಬಿಡ್ರಿ. ಊಟ ಮಾಡಿ ಹೋಗ್ರಿ ಮೇಡಂ" ಎಂದರು.

ಅಂದಿನಿಂದ ಅವರು ನನ್ನನ್ನು ಅಕ್ಕಾರ ಎಂದು ಕರೆದಿಲ್ಲ. ಹೊಸ ಚಟ್ನಿ ಮಾಡಿದಾಗ ಪ್ರಿಂಟಿಗೆ ಬರುತ್ತಾರೆ, ನಗುತ್ತಾರೆ, ಯೋಗಕ್ಷೇಮ ಕೇಳುತ್ತಾರೆ. ಹೆಸರುಗಳನ್ನು ಈಗ ತಾವೇ ಟೈಪ್ ಮಾಡಿ ತರುತ್ತಾರೆ, ಅದರಲ್ಲಿ ಒಂದು ತಪ್ಪೂ ಇರುವುದಿಲ್ಲ. ಯಾವುದಾದರೂ ತಿಳಿಯದಿದ್ದರೆ ನನ್ನನ್ನು ಕೇಳುವುದಿಲ್ಲ, ಇನ್ನಂಜೆಯವರಿಗೆ ಫೋನ್ ಮಾಡುತ್ತಾರೆ.

ಗುಂಪಿನಲ್ಲಿ ನಾನು ನಿಯಮ ತೆಗೆದುಹಾಕಿ, ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳಿದೆ. ಆವತ್ತು ನಕ್ಕಿದ್ದ ಹದಿನೈದು ಜನರಲ್ಲಿ ಮೂವರು ಕೈಮುಗಿಯುವ ಚಿತ್ರ ಹಾಕಿದರು. ಪ್ರೋಗ್ರಾಮಿಗೆ ಆ ಎರಡು ಸಾಲುಗಳನ್ನು ಮತ್ತೆ ಸೇರಿಸಿ, ಕಾರ್ಯಾಗಾರಕ್ಕೆ ಬಂದಿದ್ದವರಲ್ಲಿ ನಂಬರ್ ಸಿಕ್ಕಿದವರಿಗೆಲ್ಲ ಕಳುಹಿಸಿದೆ. ಆದರೆ ಹೆಸರಿಲ್ಲದ ಪ್ರತಿ ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋಗಿತ್ತು. ಮೊನ್ನೆ ಬೇರೊಂದು ಊರಿನ ಒಬ್ಬರು ಅದೇ ಪ್ರೋಗ್ರಾಮನ್ನು ಕಳುಹಿಸಿ, ಬಹಳ ಉಪಯುಕ್ತ, ಮಾಡಿದವರು ಯಾರೋ ಗೊತ್ತಿಲ್ಲ ಎಂದು ಬರೆದಿದ್ದರು. ಯಾರೆಂದು ನಾನು ಬರೆದು ತಿಳಿಸಿದೆ. ಇನ್ನೆಷ್ಟು ಜನರಲ್ಲಿ ಅದು ಹಾಗೆಯೇ ಇದೆಯೋ ನನಗೆ ಗೊತ್ತಿಲ್ಲ.

ಈಗ ಗುಂಪಿಗೆ ಹೊಸಬರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಅವರ ಪ್ರಶ್ನೆಗಳನ್ನು ನಾನು ತೆಗೆದುಕೊಳ್ಳುತ್ತೇನೆ. ಇದು ನನಗೆ ಸ್ವಭಾವದಿಂದ ಬಂದದ್ದಲ್ಲ. ಕಳೆದ ವಾರ ಒಬ್ಬರು, ಉಳಿಸಿದ ಕಡತ ಎಲ್ಲಿ ಹೋಯಿತು ಎಂದು ಐದನೆಯ ಸಲ ಕೇಳಿದರು. ಎಷ್ಟು ಸಲ ಹೇಳುವುದು ನಿಮಗೆ ಎಂದು ಬರೆದೂ ಆಗಿತ್ತು, ಕಳುಹಿಸುವುದೊಂದೇ ಬಾಕಿ. ಅಷ್ಟರಲ್ಲಿ ಜೆರಾಕ್ಸಿಗೆ ಯಾರೋ ಬಂದರು, ಎದ್ದು ಹೋದೆ. ತಿರುಗಿ ಬಂದು ಓದಿದಾಗ ನನಗೇ ನಾಚಿಕೆಯಾಯಿತು. ಅಳಿಸಿದೆ. ಕಪಾಟಿನಲ್ಲಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಅದಕ್ಕೆ ಎರಡು ದಿನ ಮೊದಲಷ್ಟೇ ರಿಪೇರಿ ಮಾಡಿಸಿ ತಂದಿದ್ದೆ. ಅದನ್ನು ಚಾಲೂ ಮಾಡಿ, ಪ್ರಶ್ನೆ ಕೇಳಿದವರು ಹೇಳಿದಂತೆಯೇ ಒಂದು ಕಡತ ಉಳಿಸಿ, ಅದು ಎಲ್ಲಿ ಹೋಗಿ ಕುಳಿತಿದೆ ಎಂದು ಹುಡುಕತೊಡಗಿದೆ.